ಜರ್ಮನಿಗೆ ಓದಲು ಹೊರಟವರು ಬ್ಯಾಂಕ್ ಖಾತೆಯನ್ನೂ ಫೋನ್ ನಂಬರನ್ನೂ ಏಜೆಂಟರ ಕೈಗೆ ಬಿಡಬೇಡಿ

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಜರ್ಮನಿಗೆ ಎಂ.ಎಸ್. ಓದಲು ಹೊರಡುವ ಮಕ್ಕಳಿಗಾಗಿ, ಅವರ ತಂದೆತಾಯಿ ಮತ್ತು ಒಡಹುಟ್ಟಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬ ಕಾರಣಕ್ಕೆ ಸಾಧಾರಣ ರೈತ ಕುಟುಂಬಗಳೂ ಈಗ ಈ ದಾರಿ ಹಿಡಿಯುತ್ತಿವೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ, ಕಾರಟಗಿ ಸೀಮೆಯ ನಮ್ಮದೂ ಅಂಥದ್ದೇ ಕುಟುಂಬ. ನನ್ನ ತಂಗಿ 2025ರ ಏಪ್ರಿಲ್‌ನಲ್ಲಿ ಆರಂಭವಾದ ಬೇಸಿಗೆ ಸೆಮಿಸ್ಟರ್‌ಗೆ ಸೇರಿದಳು. ಪ್ರವೇಶ ಮತ್ತು ವೀಸಾ ಸರಿಯಾಗಿಯೇ ಆದವು. ನಮಗೆ ಪೆಟ್ಟು ಬಿದ್ದದ್ದು ಯಾರೂ ದೊಡ್ಡದೆಂದು ಎಣಿಸದ ಎರಡು ವಿಷಯಗಳಲ್ಲಿ: ಬ್ಯಾಂಕ್ ಖಾತೆ ಮತ್ತು ಫೋನ್ ನಂಬರ್. ಇಂದು ಖಾತೆಯ ಬೀಗದ ಕೈ ಫೋನ್ ನಂಬರಿನಲ್ಲಿದೆ, ಹೊಸ ಫೋನ್ ಒಪ್ಪಂದದ ಕಂತು ಖಾತೆಯಿಂದ ಹೋಗಬೇಕು. ಇವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸದಿದ್ದರೆ ಒಂದರ ತೊಡಕು ಇನ್ನೊಂದನ್ನೂ ಎಳೆದುಕೊಂಡು ಬೀಳುತ್ತದೆ.

ಕೆಲಸ ವಹಿಸಿಕೊಂಡದ್ದು ಬಳ್ಳಾರಿಯ ಒಂದು ವಿದೇಶಿ ಶಿಕ್ಷಣ ಸಲಹಾ ಕಚೇರಿ. ಬ್ಲಾಕ್ಡ್ ಅಕೌಂಟ್, ಆರೋಗ್ಯ ವಿಮೆ, ಹಣ ರವಾನೆ, ಅಲ್ಲಿ ಇಳಿದ ಕೂಡಲೇ ಸಿಮ್, ಎಲ್ಲವನ್ನೂ ಒಂದೇ ಶುಲ್ಕದಲ್ಲಿ ಮಾಡಿಕೊಡುವುದಾಗಿ ಹೇಳಿದರು. ‘ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ, ಎಲ್ಲಾ ನಾವು ನೋಡ್ಕೋತೀವಿ’ ಎಂಬ ಅವರ ಮಾತು ಅಪ್ಪನಿಗೆ ಧೈರ್ಯ ಕೊಟ್ಟಿತು. ಮನೆತನದಲ್ಲೇ ಮೊದಲ ಸಲ ಮಗಳನ್ನು ಹೊರದೇಶಕ್ಕೆ ಕಳುಹಿಸುತ್ತಿರುವ ಯಾವ ತಂದೆಗಾದರೂ ಧೈರ್ಯ ಕೊಡುವ ಮಾತೇ ಅದು, ಅದಕ್ಕಾಗಿಯೇ ಅದನ್ನು ಬಳಸುತ್ತಾರೆ.

ಮೊದಲು ಬ್ಲಾಕ್ಡ್ ಅಕೌಂಟ್‌ನ ಸಂಗತಿ. ಜರ್ಮನಿಯ ವಿದ್ಯಾರ್ಥಿ ವೀಸಾ ಬೇಕೆಂದರೆ ಒಂದು ವರ್ಷದ ಜೀವನ ವೆಚ್ಚವನ್ನು ಮುಂಚಿತವಾಗಿಯೇ ತೋರಿಸಬೇಕು. ಹೆಚ್ಚಿನವರು ತೋರಿಸುವುದು ಈ ಖಾತೆಯ ಮೂಲಕ. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ 11,904 ಯೂರೊ ಆಗಿದೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊದಂತೆ ವಿದ್ಯಾರ್ಥಿಯ ಕೈಗೆ ಬರುತ್ತದೆ, ಅದಕ್ಕಿಂತ ಹೆಚ್ಚು ತೆಗೆಯಲು ಬರುವುದಿಲ್ಲ. ನಾವು ಹಣ ಕಳುಹಿಸಿದ್ದು 2025ರ ಜನವರಿಯಲ್ಲಿ. ಆಗಿನ ದರದಲ್ಲಿ ಅದು ಹತ್ತು ಲಕ್ಷ ರೂಪಾಯಿ ದಾಟಿತ್ತು. ಭತ್ತ ಮಾರಿದ ಹಣಕ್ಕೆ ಅವ್ವನ ಬಂಗಾರದ ಮೇಲಿನ ಸಾಲವನ್ನು ಸೇರಿಸಿ ಅಪ್ಪನ ಖಾತೆಯಿಂದ ಕಳುಹಿಸಲಾಯಿತು.

ವಿದೇಶಕ್ಕೆ ಹಣ ಕಳುಹಿಸುವಾಗ ಎ2 ಎಂಬ ಫಾರ್ಮ್‌ನಲ್ಲಿ ಯಾವ ಉದ್ದೇಶಕ್ಕೆ ಕಳುಹಿಸುತ್ತಿದ್ದೇವೆ ಎಂಬುದನ್ನು ನಮೂದಿಸಬೇಕು. ಆ ಕಚೇರಿಯವರು ಅಪ್ಪನಿಂದ ಖಾಲಿ ಫಾರ್ಮ್‌ಗೆ ಸಹಿ ಹಾಕಿಸಿಕೊಂಡು, ‘ವಿದೇಶ ವ್ಯಾಸಂಗ’ ಎಂದು ಬರೆಯಬೇಕಿದ್ದಲ್ಲಿ ‘ಹತ್ತಿರದ ಸಂಬಂಧಿಕರ ನಿರ್ವಹಣೆ’ ಎಂದು ತುಂಬಿದರು. ಆಗಿನ ನಿಯಮದಂತೆ ಒಂದು ಹಣಕಾಸು ವರ್ಷದಲ್ಲಿ ಏಳು ಲಕ್ಷ ರೂಪಾಯಿಗಿಂತ ಮೇಲಿನ ಮೊತ್ತಕ್ಕೆ ಮೂಲದಲ್ಲೇ ತೆರಿಗೆ ವಸೂಲಾಗುತ್ತಿತ್ತು. ವ್ಯಾಸಂಗಕ್ಕೆ ಎಂದಿದ್ದರೆ ಶೇ. 5, ನಿರ್ವಹಣೆಗೆ ಎಂದಿದ್ದರೆ ಶೇ. 20. ಹದಿನೆಂಟು ಸಾವಿರದ ಆಸುಪಾಸಿನಲ್ಲಿ ಮುಗಿಯಬೇಕಿದ್ದ ವಸೂಲಿ ಎಪ್ಪತ್ತು ಸಾವಿರ ದಾಟಿತು. ಈ ಹಣ ಶಾಶ್ವತವಾಗಿ ಹೋಗುವುದಿಲ್ಲ, ಪ್ಯಾನ್ ಸಂಖ್ಯೆಗೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮೆ ಪಟ್ಟಿಯಲ್ಲಿ ಕಾಣುತ್ತದೆ, ರಿಟರ್ನ್ ಸಲ್ಲಿಸಿದರೆ ವಾಪಸ್ ಬರುತ್ತದೆ. ಆದರೆ ಕೃಷಿ ಆದಾಯವಷ್ಟೇ ಇರುವ ನಮ್ಮ ಅಪ್ಪನಂಥವರು ಜೀವನದಲ್ಲಿ ರಿಟರ್ನ್ ಸಲ್ಲಿಸಿದವರಲ್ಲ. ಲೆಕ್ಕಪರಿಶೋಧಕರನ್ನು ಹಿಡಿದು, ರಿಟರ್ನ್ ಸಲ್ಲಿಸಿ, ಹಣ ಮರಳಿ ಬರುವವರೆಗೂ ಬಂಗಾರದ ಸಾಲದ ಬಡ್ಡಿ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಿಂದ ಆ ಮಿತಿಯನ್ನು ಹತ್ತು ಲಕ್ಷಕ್ಕೆ ಏರಿಸಿದ್ದಾರೆ, ಬ್ಯಾಂಕಿನ ಶಿಕ್ಷಣ ಸಾಲದ ಹಣಕ್ಕೆ ವಸೂಲಿಯನ್ನೇ ಕೈಬಿಟ್ಟಿದ್ದಾರೆ. ಬಂಗಾರದ ಸಾಲ ಮಾತ್ರ ಆ ಲೆಕ್ಕದಲ್ಲಿ ಶಿಕ್ಷಣ ಸಾಲ ಎನಿಸಿಕೊಳ್ಳುವುದಿಲ್ಲ. ಬಜೆಟ್ ಬಂದಾಗ ದರಗಳು ಬದಲಾಗುತ್ತಿರುವುದರಿಂದ, ಕಳುಹಿಸುವ ದಿನ ನಿಮ್ಮ ಶಾಖೆಯಲ್ಲಿ ಆ ದಿನದ ದರವನ್ನು ಕೇಳಿ, ಉದ್ದೇಶದ ಕಾಲಂ ತುಂಬಿದ ಮೇಲಷ್ಟೇ ಸಹಿ ಹಾಕಿ, ಅದರ ನಕಲನ್ನು ಇಟ್ಟುಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಬ್ಲಾಕ್ಡ್ ಅಕೌಂಟ್ ತೆರೆಯುವಾಗ ಆ ಕಚೇರಿಯವರು ತಂಗಿಯ ಇಮೇಲ್ ಮತ್ತು ಫೋನ್ ನಂಬರ್ ಹಾಕಬೇಕಾದಲ್ಲಿ ತಮ್ಮದೇ ಇಮೇಲ್, ತಮ್ಮದೇ ನಂಬರ್ ಹಾಕಿದ್ದರು. ಹತ್ತು ಲಕ್ಷ ರೂಪಾಯಿ ಇರುವ ಖಾತೆಯ ಪಾಸ್‌ವರ್ಡ್ ಮೂರನೆಯವರ ಮೇಜಿನ ಮೇಲಿತ್ತು. ತಂಗಿ ಅಲ್ಲಿ ಇಳಿದು, ಖಾತೆಯನ್ನು ಚಾಲನೆಗೊಳಿಸಲು ಹೊರಟಾಗಲಷ್ಟೇ ಅದು ಬೆಳಕಿಗೆ ಬಂದದ್ದು. ಕರೆ ಮಾಡಿದರೆ ‘ನಾಳೆ ಮಾಡ್ತೀವ್ರಿ’ ಎಂಬ ಉತ್ತರ, ಆಮೇಲೆ ‘ಹೆಚ್ಚುವರಿ ಸೇವಾ ಶುಲ್ಕ’ದ ಬೇಡಿಕೆ. ಕೊನೆಗೆ ತಂಗಿಯೇ ಖಾತೆ ನಡೆಸುವ ಸಂಸ್ಥೆಗೆ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳನ್ನು ಕಳುಹಿಸಿ, ತನ್ನ ಗುರುತನ್ನು ಮತ್ತೊಮ್ಮೆ ಸಾಬೀತುಪಡಿಸಿ ಖಾತೆಯನ್ನು ತನ್ನ ಇಮೇಲ್‌ಗೆ ಬದಲಾಯಿಸಿಕೊಂಡಳು. ದಯವಿಟ್ಟು ಈ ಖಾತೆಯನ್ನು ವಿದ್ಯಾರ್ಥಿಯೇ ಕುಳಿತು ತೆರೆಯಲಿ. ಎಲ್ಲವೂ ಆನ್‌ಲೈನ್‌ನಲ್ಲಿ, ಇಂಗ್ಲಿಷಿನಲ್ಲಿ ಇರುತ್ತದೆ. ಎಂಜಿನಿಯರಿಂಗ್ ಮುಗಿಸಿದ ಮಕ್ಕಳಿಗೆ ಅದು ಕಷ್ಟದ ಕೆಲಸವಲ್ಲ.

ಬ್ಲಾಕ್ಡ್ ಅಕೌಂಟ್‌ನಿಂದ ಪ್ರತಿ ತಿಂಗಳ ಹಣ ಇಳಿಯುವುದಕ್ಕೆ ಅಲ್ಲಿ ಇನ್ನೊಂದು ದಿನನಿತ್ಯದ ಖಾತೆ ಬೇಕು. ಅದನ್ನು ಅವರು ಜಿರೊಕೊಂಟೊ ಎನ್ನುತ್ತಾರೆ. ತಂಗಿ ಹೋದ ಬ್ಯಾಂಕು ವಿಳಾಸ ನೋಂದಣಿಯ ಪತ್ರ ಕೇಳಿತು. ನೋಂದಣಿ ಕಚೇರಿಯವರು ಮನೆ ಮಾಲೀಕನ ಸಹಿಯಿರುವ ದೃಢೀಕರಣ ಕೇಳಿದರು. ಬಳ್ಳಾರಿಯ ಸಲಹಾ ಕಚೇರಿಯವರು ಗೊತ್ತುಮಾಡಿಕೊಟ್ಟಿದ್ದ ತಾತ್ಕಾಲಿಕ ವಸತಿಯವರು ಅದನ್ನು ಕೊಡಲು ಒಪ್ಪಲಿಲ್ಲ. ಹೀಗೆ ತನ್ನದೇ ಹಣ ಇದ್ದೂ ಕೈಗೆ ಸಿಗದ ಸ್ಥಿತಿ. ಜರ್ಮನಿಯಲ್ಲಿ 2016ರ ಜೂನ್‌ನಿಂದ ಜಾರಿಯಲ್ಲಿರುವ ಕಾನೂನಿನಂತೆ ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಯಾರಿಗಾದರೂ ಬಾಸಿಸ್‌ಕೊಂಟೊ ಎಂಬ ಮೂಲ ಖಾತೆಯ ಹಕ್ಕಿದೆ, ಸ್ಥಿರ ವಿಳಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಅದನ್ನು ನಿರಾಕರಿಸುವಂತಿಲ್ಲ. ಆ ಹೆಸರನ್ನು ಹೇಳಿಯೇ ಅರ್ಜಿ ಕೇಳಬೇಕು. ವಸತಿ ಕಾಯ್ದಿರಿಸುವಾಗಲೇ ‘ನೋಂದಣಿಗೆ ದೃಢೀಕರಣ ಪತ್ರ ಕೊಡುತ್ತೀರಾ’ ಎಂದು ಇಮೇಲ್‌ನಲ್ಲಿ ಕೇಳಿ ಉತ್ತರ ಪಡೆದರೆ ಇನ್ನೂ ಒಳ್ಳೆಯದು.

ಈ ಮಧ್ಯದ ವಾರಗಳಲ್ಲಿ ಅವಳಿಗೆ ಆಧಾರವಾಗಬೇಕಿದ್ದದ್ದು ಊರಿನ ಬ್ಯಾಂಕ್ ಖಾತೆ ಮತ್ತು ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಫಾರೆಕ್ಸ್ ಕಾರ್ಡ್. ಎರಡರ ಒಟಿಪಿಯೂ ಇಲ್ಲಿನ ನಂಬರಿಗೇ ಬರಬೇಕು. ಅವಳು ಹೊರಡುವ ಮುನ್ನ ಸಲಹಾ ಕಚೇರಿಯವರು, ಅಲ್ಲಿ ವಾಟ್ಸಾಪ್ ಇರುತ್ತದೆ, ಇಲ್ಲಿನ ಸಿಮ್‌ಗೆ ದುಡ್ಡು ಹಾಕುವುದು ದಂಡ ಎಂದು ಹೇಳಿದ್ದರು. ಅಂತರರಾಷ್ಟ್ರೀಯ ರೋಮಿಂಗ್ ಎಂಬುದೊಂದನ್ನು ಮೊದಲೇ ಚಾಲನೆಗೊಳಿಸಬೇಕು ಎಂಬುದನ್ನು ಹೇಳಲಿಲ್ಲ. ‘ಅಣ್ಣಾ, ಒಟಿಪಿ ಬರವಲ್ದು’ ಎಂದು ಅವಳು ರಾತ್ರಿ ಕರೆ ಮಾಡಿದಾಗ ಇಲ್ಲಿಂದ ಏನೂ ಮಾಡಲಾಗದ ಆ ಅಸಹಾಯಕತೆ ಯಾವ ಮನೆಗೂ ಬೇಡ. ರೋಮಿಂಗ್ ಇಲ್ಲದೆ ಸಂದೇಶ ಬರಲಿಲ್ಲ, ಪ್ಲಾನ್‌ನ ಅವಧಿ ಮುಗಿಯಿತು, ಬಳಕೆ ಇಲ್ಲದ ನಂಬರ್ ಕೊನೆಗೆ ನಿಷ್ಕ್ರಿಯವಾಯಿತು. ಕಂಪನಿಯ ಅಂಗಡಿಗೆ ಹೋದರೆ, ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರೇ ಗುರುತಿನ ಚೀಟಿಯೊಂದಿಗೆ ಬರಬೇಕು ಎಂದರು. ಅವಳು ಜರ್ಮನಿಯಲ್ಲಿ, ಸಿಮ್ ಅವಳ ಹೆಸರಿನಲ್ಲಿ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ನಿಯಮದಂತೆ 90 ದಿನ ಯಾವ ಬಳಕೆಯೂ ಇಲ್ಲದ ಪ್ರಿಪೇಯ್ಡ್ ನಂಬರನ್ನು ಕಂಪನಿ ಕಡಿತಗೊಳಿಸಬಹುದು. ಸಿಮ್‌ನ ಪ್ರಿಪೇಯ್ಡ್ ಖಾತೆಯಲ್ಲಿ 20 ರೂಪಾಯಿಯಾದರೂ ಇದ್ದರೆ ಅದನ್ನು ಮುರಿದುಕೊಂಡು 30 ದಿನ ನಂಬರನ್ನು ಉಳಿಸುವ ವ್ಯವಸ್ಥೆಯೂ ಇದೆ. ಕಡಿತವಾದ ನಂಬರನ್ನು ಕೆಲ ಕಾಲದ ನಂತರ ಬೇರೆಯವರಿಗೆ ಕೊಡುತ್ತಾರೆ. ಆಗ ನಿಮ್ಮ ಬ್ಯಾಂಕಿನ, ಆಧಾರ್‌ನ, ಆದಾಯ ತೆರಿಗೆ ಖಾತೆಯ ಒಟಿಪಿ ಅಪರಿಚಿತರ ಫೋನಿಗೆ ಹೋಗುವ ಅಪಾಯವಿದೆ. 2024ರ ಡಿಸೆಂಬರ್‌ನಲ್ಲಿ ಟ್ರಾಯ್ ಮಾಡಿದ ತಿದ್ದುಪಡಿಯಿಂದ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್‌ಗಷ್ಟೇ ಇರುವ ಪ್ಲಾನ್‌ಗಳನ್ನು ಕಂಪನಿಗಳು ಕೊಡಲೇಬೇಕಾಗಿದೆ, ಅವುಗಳ ಅವಧಿ 365 ದಿನಗಳವರೆಗೂ ಇರಬಹುದು. ವಿದೇಶದಲ್ಲಿ ಇರುವವರಿಗೆ ಬೇಕಾದದ್ದು ಇದೇ. ಹೊರಡುವ ಮುನ್ನ ಒಂದು ವರ್ಷದ ಅಂಥ ಪ್ಲಾನ್ ಹಾಕಿಸಿ, ರೋಮಿಂಗ್ ಚಾಲನೆ ಮಾಡಿಸಿ, ರೋಮಿಂಗ್‌ನಲ್ಲಿ ಬರುವ ಎಸ್‌ಎಂಎಸ್‌ಗೆ ಶುಲ್ಕವಿದೆಯೇ ಎಂದು ಕೇಳಿಕೊಳ್ಳಿ; ಸಾಮಾನ್ಯವಾಗಿ ಇರುವುದಿಲ್ಲ.

ನಂಬರ್ ಬದಲಾಯಿಸಲು ತಂಗಿ ಬ್ಯಾಂಕಿನ ಅರ್ಜಿಯಲ್ಲಿನ ತನ್ನ ಸಹಿಯನ್ನು ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿ ಅಂಚೆಯಲ್ಲಿ ಕಳುಹಿಸಬೇಕಾಯಿತು. ಆಗ ಶಾಖೆಯ ವ್ಯವಸ್ಥಾಪಕರು ತಿಳಿಸಿದ ಇನ್ನೊಂದು ವಿಷಯವನ್ನು ನಮ್ಮ ಕಡೆ ಬಹಳ ಮಂದಿ ಕೇಳಿಯೇ ಇರುವುದಿಲ್ಲ. ರಿಸರ್ವ್ ಬ್ಯಾಂಕ್ 2003ರಲ್ಲೇ ಸ್ಪಷ್ಟಪಡಿಸಿದಂತೆ ಓದಲು ಹೊರದೇಶಕ್ಕೆ ಹೋದ ವಿದ್ಯಾರ್ಥಿಗಳನ್ನು ಅನಿವಾಸಿ ಎಂದೇ ಪರಿಗಣಿಸಲಾಗುತ್ತದೆ, ಆದ್ದರಿಂದ ಅವರ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಎಂಬ ಅನಿವಾಸಿಗಳ ಖಾತೆಯಾಗಿ ಬದಲಾಯಿಸಬೇಕು. ಹೊರಡುವ ಮುನ್ನವೇ ಶಾಖೆಗೆ ಹೋಗಿ ಅದರ ಬಗ್ಗೆ ಮಾತಾಡಿ, ತಂದೆಗೋ ಅಣ್ಣನಿಗೋ ಖಾತೆ ನಡೆಸುವ ಅಧಿಕಾರ ಪತ್ರವನ್ನೂ ಮಾಡಿಸಿಟ್ಟರೆ ಇಷ್ಟು ಅಲೆದಾಟ ಇರುವುದಿಲ್ಲ. ಯುಪಿಐ ಇದೆಯಲ್ಲ ಎಂದು ನೆಚ್ಚಿಕೊಳ್ಳಬೇಡಿ: 2023ರ ಜನವರಿಯಲ್ಲಿ ವಿದೇಶಿ ನಂಬರುಗಳಿಗೆ ಯುಪಿಐ ಅವಕಾಶ ಕೊಟ್ಟಾಗ ಪಟ್ಟಿಯಲ್ಲಿದ್ದ ಹತ್ತು ದೇಶಗಳಲ್ಲಿ ಜರ್ಮನಿ ಇರಲಿಲ್ಲ.

ಉಳಿದದ್ದು ಅಲ್ಲಿನ ಸಿಮ್. ಸಲಹಾ ಕಚೇರಿಯ ಪರವಾಗಿ ನಿಲ್ದಾಣಕ್ಕೆ ಬಂದಿದ್ದವರು ಅವಳನ್ನು ನೇರವಾಗಿ ಒಂದು ಫೋನ್ ಅಂಗಡಿಗೆ ಕರೆದೊಯ್ದು, ಹೊಸ ಹ್ಯಾಂಡ್‌ಸೆಟ್ ಸೇರಿದ ಒಪ್ಪಂದಕ್ಕೆ ಸಹಿ ಹಾಕಿಸಿದರು. ಕಾಗದ ಜರ್ಮನ್ ಭಾಷೆಯಲ್ಲಿತ್ತು, ಅವಧಿ 24 ತಿಂಗಳು, ಮೊದಲ ಆರು ತಿಂಗಳ ರಿಯಾಯಿತಿ ದರ ಆಮೇಲೆ ಏರುವಂಥದ್ದು. ತಿಂಗಳಿಗೆ 992 ಯೂರೊದಲ್ಲಿ ಬಾಡಿಗೆ, ವಿಮೆ, ಊಟ ಎಲ್ಲ ನಡೆಯಬೇಕಾದವಳಿಗೆ ಇದು ದೊಡ್ಡ ಹೊರೆ. ಆನ್‌ಲೈನ್‌ನಲ್ಲಿ ಮಾಡಿದ ಒಪ್ಪಂದವಾಗಿದ್ದರೆ 14 ದಿನದೊಳಗೆ ಕಾರಣ ಹೇಳದೆ ಹಿಂದೆಗೆಯಬಹುದಿತ್ತು. ಅಂಗಡಿಯಲ್ಲಿ ನಿಂತು ಸಹಿ ಹಾಕಿದ್ದಕ್ಕೆ ಆ ಹಕ್ಕು ಇಲ್ಲ. ಕಂತು ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಬ್ಯಾಂಕಿಗೆ ಹೇಳಿ ಕಡಿತವನ್ನು ವಾಪಸ್ ಪಡೆದರೆ ಒಪ್ಪಂದ ಮುಗಿಯುವುದಿಲ್ಲ, ದಂಡ ಬೆಳೆಯುತ್ತದೆ, ಬಾಕಿ ಉಳಿದರೆ ಶೂಫಾ ಎಂಬ ಸಾಲ ಮಾಹಿತಿ ಸಂಸ್ಥೆಯ ದಾಖಲೆಗೂ ಹೋಗಬಹುದು. ಮನೆ ಬಾಡಿಗೆಗೆ ಕೊಡುವವರು ಅದೇ ದಾಖಲೆಯನ್ನು ಕೇಳುತ್ತಾರೆ.

ಹೊಸದಾಗಿ ಹೋದ ವಿದ್ಯಾರ್ಥಿಗೆ ಪ್ರಿಪೇಯ್ಡ್ ಸಿಮ್ ಸಾಕು, ಅದು ನನ್ನ ಖಚಿತ ಅಭಿಪ್ರಾಯ. ಸೂಪರ್‌ಮಾರ್ಕೆಟ್‌ಗಳಲ್ಲೇ ಸಿಗುತ್ತದೆ, ನಾಲ್ಕು ವಾರಕ್ಕೊಮ್ಮೆ ಹಣ ಹಾಕಿದರಾಯಿತು, ಬೇಡವೆಂದಾಗ ನಿಲ್ಲಿಸಬಹುದು. 2017ರ ಜುಲೈನಿಂದ ಅದಕ್ಕೂ ಗುರುತಿನ ಪರಿಶೀಲನೆ ಕಡ್ಡಾಯ. ವಿಡಿಯೊ ಕರೆಯಲ್ಲಿ ಆಗದಿದ್ದರೆ ಪಾಸ್‌ಪೋರ್ಟ್ ಹಿಡಿದು ಅಂಚೆ ಕಚೇರಿಯಲ್ಲಿ ಮಾಡಿಸುವ ದಾರಿಯೂ ಇದೆ. ಒಪ್ಪಂದವೇ ಬೇಕೆನ್ನುವವರು, 2021ರ ಡಿಸೆಂಬರ್‌ನಿಂದ ಜಾರಿಗೆ ಬಂದ ದೂರಸಂಪರ್ಕ ಕಾನೂನಿನಂತೆ ಕಂಪನಿಗಳು 12 ತಿಂಗಳ ಒಪ್ಪಂದವನ್ನೂ ಮುಂದಿಡಬೇಕು, ಸಹಿಗೆ ಮುನ್ನ ಒಪ್ಪಂದದ ಸಾರಾಂಶವನ್ನು ಬರಹದಲ್ಲಿ ಕೊಡಬೇಕು ಎಂಬುದನ್ನು ತಿಳಿದಿರಲಿ. ಆ ಸಾರಾಂಶವನ್ನು ಮನೆಗೆ ತಂದು ಓದಿದ ಮೇಲೆ ಸಹಿ ಹಾಕಿದರೆ ಯಾರೂ ಬೇಡ ಎನ್ನುವುದಿಲ್ಲ.

ತಂಗಿಯ ಒಪ್ಪಂದ 2027ರ ಏಪ್ರಿಲ್‌ವರೆಗೆ ನಡೆಯುತ್ತದೆ. ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಮುನ್ಸೂಚನೆ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದಾದರೂ, ಅವಳು ಅಲ್ಲಿಯವರೆಗೆ ಕಾಯದೆ ಈಗಲೇ ರದ್ದತಿ ಸೂಚನೆ ಕಳುಹಿಸಿ, ಅವಧಿ ಮುಗಿಯುವ ದಿನಾಂಕವಿರುವ ಕಂಪನಿಯ ಲಿಖಿತ ಉತ್ತರವನ್ನು ಪಡೆದಿಟ್ಟುಕೊಂಡಿದ್ದಾಳೆ. ಆನ್‌ಲೈನ್‌ನಲ್ಲಿ ಒಪ್ಪಂದ ಮಾರುವ ಕಂಪನಿಗಳ ಜಾಲತಾಣದಲ್ಲಿ 2022ರ ಜುಲೈನಿಂದ ರದ್ದತಿಯ ಗುಂಡಿ ಇರಲೇಬೇಕೆಂಬ ನಿಯಮವಿದೆ. ಅವಳು ಬಳಸಿದ್ದೂ ಅದನ್ನೇ. ಇದೇ ರೀತಿಯ ಒಪ್ಪಂದದಲ್ಲಿ ಈಗಾಗಲೇ ಸಿಕ್ಕಿಕೊಂಡಿರುವ ನಮ್ಮ ಕಡೆಯ ಮಕ್ಕಳು ಈ ವಾರವೇ ಆ ಕೆಲಸ ಮಾಡಲಿ.