ಡ್ರಿಪ್ ಕಿಟ್, ಮೂರು ಬೇಸಿಗೆಯ ನಂತರ: ದುರ್ಗದ ಬೋರ್ ನೀರಿಗೆ ಎಷ್ಟು ತಡೀತು?

ಬಳಸಿದ ಜಾಗ: ಚಿತ್ರದುರ್ಗದ ಮನೆ ಹಿತ್ತಲು, ಮಸಾರಿ (ಮರಳು ಮಿಶ್ರಿತ ಕೆಂಪು) ಮಣ್ಣು, ಗಡಸು ಬೋರ್‌ವೆಲ್ ನೀರು, 20 ಅಡಿ ಎತ್ತರದ ಟ್ಯಾಂಕು. ಕಿಟ್‌ನಲ್ಲಿ ಬಂದದ್ದು 16 ಎಂಎಂ ಪೈಪು, 4 ಎಂಎಂ ಟ್ಯೂಬು, ಗಿಡದ ಬಳಿ ಹನಿ ಹನಿಯಾಗಿ ನೀರು ಬಿಡುವ 50 ಡ್ರಿಪ್ಪರು, ಸಣ್ಣ ಜಾಲರಿ ಫಿಲ್ಟರು, ಸೆಲ್ ಹಾಕುವ ಟೈಮರು. 5ಕ್ಕೆ 3.5 ಅಂಕ.

ಪೈಪಿನಲ್ಲಿ ಕೊರತೆಯಿಲ್ಲ. ಆದರೆ ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ಜಾಯಿಂಟಿನಿಂದ ಕಳಚಿಕೊಳ್ಳುತ್ತದೆ. ಎಳೆದು ಬಿಗಿಯಾಗಿ ಹಾಸಬೇಡಿ, 50 ಅಡಿಗೆ ಒಂದು ಗೇಣು ಸಡಿಲ ಬಿಡಿ.

ಅಂಕ ಕಳೆದದ್ದು ಡ್ರಿಪ್ಪರಿಗೆ. ನೀರು ಆರಿದಾಗಲೆಲ್ಲ ಬಾಯಲ್ಲಿ ಸುಣ್ಣ ಕಟ್ಟುತ್ತದೆ. ಕಿಟ್‌ನಲ್ಲಿ ಬರುವುದು ಬಿಚ್ಚಲಾಗದ ಮಾದರಿ, ಕಟ್ಟಿದರೆ ಎಸೆಯುವುದೇ. ಡ್ರಿಪ್ ಅಂಗಡಿಯಲ್ಲಿ ಬಿಚ್ಚುವ ಡ್ರಿಪ್ಪರ್ ಕೇಳಿ ತನ್ನಿ. ತಿಂಗಳಿಗೊಮ್ಮೆ ಬಿಚ್ಚಿ, ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಕರಗಿಸಿ ರಾತ್ರಿಯಿಡೀ ನೆನೆಹಾಕಿ, ಬೆಳಗ್ಗೆ ತೊಳೆದರೆ ಸುಣ್ಣ ಬಿಡುತ್ತದೆ. ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯಿರಿ. ಪೈಪಿನ ಕೊನೆಯ ಮುಚ್ಚಳ ತೆಗೆದು, ತಿಳಿ ನೀರು ಬರುವವರೆಗೆ ಹರಿಸಿ.

ಡ್ರಿಪ್ಪರ್ ಮೇಲೆ ಬರೆದ "ಗಂಟೆಗೆ 4 ಲೀಟರ್" ಲೆಕ್ಕ 10 ಮೀಟರ್ ಎತ್ತರದ ಒತ್ತಡಕ್ಕೆ. 20 ಅಡಿ ಟ್ಯಾಂಕಿನಿಂದ ಬರುವುದು ಮೂರರ ಆಸುಪಾಸು. 15 ನಿಮಿಷ ಬಾಟಲಿಗೆ ಹಿಡಿದು ನೋಡಿ: 750 ಮಿಲಿ ಬಂದರೆ ಗಂಟೆಗೆ 3 ಲೀಟರ್. ಈ ಅಳತೆ ಮಾಡದೆ ಟೈಮರ್ ಇಟ್ಟರೆ ಏಪ್ರಿಲ್‌ನಲ್ಲಿ ಗಿಡ ಅರೆಹೊಟ್ಟೆ. ಅಡಿಕೆಗೆ ಎರಡು ಡ್ರಿಪ್ಪರು, 3 ಗಂಟೆ: 18 ಲೀಟರ್. ತೆಂಗಿಗೆ ನಾಲ್ಕು, 4 ಗಂಟೆ: 48 ಲೀಟರ್. 12 ಇಂಚಿನ ಕುಂಡಕ್ಕೆ ಒಂದು, ಬೆಳಗ್ಗೆ 15 ನಿಮಿಷ, ಸಂಜೆ 15. ಮರಕ್ಕೂ ಕುಂಡಕ್ಕೂ ಒಂದೇ ಲೈನ್ ಹಾಕಿದರೆ ಕುಂಡದ ಬೇರು ಕೊಳೆಯುತ್ತದೆ, ವಾಲ್ವ್ ಬೇರೆ ಬೇರೆ ಇರಲಿ.

ಡ್ರಿಪ್ಪರನ್ನು ಬುಡಕ್ಕೆ ಅಂಟಿಸಬೇಡಿ. ಮಸಾರಿಯಲ್ಲಿ ನೀರು ನೆಟ್ಟಗೆ ಕೆಳಗಿಳಿಯುತ್ತದೆ, ಹಾಗಾಗಿ ಮರದ ಎರಡೂ ಬದಿಗೆ ಒಂದೂವರೆ ಅಡಿ ದೂರದಲ್ಲಿಡಿ. ದಾವಣಗೆರೆ ಕಡೆಯ ಎರೆ ಮಣ್ಣಲ್ಲಿ ನೀರು ಅಗಲಕ್ಕೆ ಹರಡುತ್ತದೆ, ಡ್ರಿಪ್ಪರ್ ಕಮ್ಮಿ ಸಾಕು. ನೀರು ನಿಂತ ಒಂದು ಗಂಟೆಗೆ ಕಬ್ಬಿಣದ ಸರಳು ಚುಚ್ಚಿ. ಒಂದಡಿ ಸಲೀಸಾಗಿ ಇಳಿದರೆ ನೀರು ಮುಟ್ಟಿದೆ.

ಹೊತ್ತು: ಬೆಳಗ್ಗೆ 5ರಿಂದ. ಮಧ್ಯಾಹ್ನ ಪೈಪಿನಲ್ಲಿ ನಿಂತ ನೀರು ಕೈ ಸುಡುವಷ್ಟು ಕಾದಿರುತ್ತದೆ, ಎಳೆ ಸಸಿಗೆ ಅದು ಬಿಟ್ಟರೆ ಬೇರೇ ಬೇಯುತ್ತದೆ. 2 ಗಂಟೆ ಬಿಸಿಲಲ್ಲಿ ಎಲೆ ಜೋತರೆ ಗಾಬರಿ ಬೇಡ. ಮರುದಿನ ಬೆಳಗ್ಗೆಯೂ ಜೋತೇ ಇದ್ದರೆ ಮಾತ್ರ ಸರಳು ಚುಚ್ಚಿ ನೋಡಿ. ಪಪ್ಪಾಯಕ್ಕಂತೂ ನೀರು ಕಮ್ಮಿಯಾದರೂ, ಹೆಚ್ಚಾಗಿ ಬೇರು ಕೊಳೆತರೂ ಎಲೆ ಒಂದೇ ಥರ ಬಾಡುತ್ತವೆ.

ತೇವದ ಅಂಚಿನಲ್ಲಿ ಬಿಳಿ ಉಪ್ಪಿನ ವರ್ತುಲ ಕಂಡರೆ, 15 ದಿನಕ್ಕೊಮ್ಮೆ ಪಾತಿ ತುಂಬ ಧಾರಾಳ ನೀರು ಬಿಟ್ಟು ಉಪ್ಪನ್ನು ಕೆಳಗಿಳಿಸಿ. ಪಾತಿಗೆ ಮೂರು ಇಂಚು ಶೇಂಗಾ ಸಿಪ್ಪೆ ಮುಚ್ಚಿ, ಚಳ್ಳಕೆರೆ ಎಣ್ಣೆ ಮಿಲ್ಲುಗಳ ಸೀಮೆಯಲ್ಲಿ ಅದಕ್ಕೆ ಬರವಿಲ್ಲ. ಕಾಂಡಕ್ಕೆ ತಾಗಿಸಬೇಡಿ, ಗೆದ್ದಲು ಹತ್ತುತ್ತದೆ.

ಟೈಮರ್ ಕೊಳ್ಳುವಾಗ ಬಾಲ್ ವಾಲ್ವ್ ಇರುವುದನ್ನೇ ಕೇಳಿ. ಸೊಲೆನಾಯ್ಡ್ (ವಿದ್ಯುತ್ಕಾಂತದಿಂದ ತೆರೆಯುವ ವಾಲ್ವ್) ಮಾದರಿಗೆ ಒತ್ತಡ ಬೇಕು, ಮನೆ ಟ್ಯಾಂಕಿನ ಕಡಿಮೆ ಒತ್ತಡದಲ್ಲಿ ಸರಿಯಾಗಿ ತೆರೆಯದೆ, ಮುಚ್ಚದೆ ಕೈಕೊಡುತ್ತದೆ. ನೆರಳಲ್ಲಿ ಕಟ್ಟಿ, ನೇರ ಬಿಸಿಲಿಗೆ ಪರದೆ ಕಪ್ಪಾಗುತ್ತದೆ. ಮಳೆ ಹಿಡಿದ ಮೇಲೆ ಸೆಲ್ ತೆಗೆದಿಡಿ, ಇಲ್ಲವಾದರೆ ಸೋರಿ ತಗಡು ತುಕ್ಕಾಗುತ್ತದೆ.