ಟೆಲಿ ಮಾನಸ್ 14416, ಗಂಗಾವತಿಯಿಂದ ಫೋನ್ ಹಚ್ಚಿದ್ದು

ಅಕ್ಕನ ಮಗ ಪಿಯುಸಿ ಹುಡುಗ, ಬ್ಯಾಗ್‌ನಾಗ ಗಾಂಜಾ ಸಿಕ್ತು, ಮಾವ ಬೆಲ್ಟ್ ಬಿಚ್ಚೇಬಿಟ್ಟಿದ್ರು. ಅವ್ರನ್ನ ಹಿಡದು ಕುಂದ್ರಿಸಿ ನಾನೇ ಸರ್ಕಾರದ ಈ ಮಾನಸಿಕ ಆರೋಗ್ಯ ಸಹಾಯವಾಣಿ ನಂಬರಿಗೆ ಹಚ್ಚಿದೆ. ಫ್ರೀ ಐತಿ, ರಾತ್ರಿ ಹಗಲು ಇರತೈತಿ, ಕನ್ನಡದಾಗ ಮಾತಾಡ್ತಾರ, 2022ರಾಗ ಶುರು ಆಗಿದ್ದು, ನಿಮ್ಹಾನ್ಸ್‌ನವ್ರ ಮಾರ್ಗದರ್ಶನ ಇರೋದ್ರಿಂದ ಧೈರ್ಯ.

ಫೋನ್ ಎತ್ತಿದ ಮೇಡಂ ಮೊದ್ಲು ಹುಡುಗನ ಬಗ್ಗೆ ಕೇಳ್ಲೇ ಇಲ್ಲ, ಮನ್ಯಾಗ ಯಾರ್ ಕುಡಿತಾರ ಅಂದ್ರು! ಮಾವ ಸುಮ್ನಾದ್ರು. ಆಮ್ಯಾಲ ಹೇಳಿದ್ದು, ನಶೆದಾಗ ಇದ್ದಾಗ ಮಾತಾಡಬ್ಯಾಡ್ರಿ, ನಿಮಗ ಸಿಟ್ಟು ಬಂದಾಗಂತೂ ಬ್ಯಾಡೇ ಬ್ಯಾಡ, ನೆಂಟ್ರ ಮುಂದ ಮರ್ಯಾದಿ ತೆಗಿಬ್ಯಾಡ್ರಿ, ಯಾಕ್ ಬೇಕನಸ್ತು ಅಂತ ಕೇಳಿ ಪೂರ್ತಿ ಕೇಳಿಸ್ಕೊರಿ, ಆದ್ರ ಮನ್ಯಾಗಿನ ರೂಲ್ಸ್ ಮಾತ್ರ ಸಡಿಲ ಬಿಡಬ್ಯಾಡ್ರಿ. ದಿನಾ ಜಾಸ್ತಿ ಕುಡಿಯೋರಾದ್ರ ಒಮ್ಮಿಗೇ ಬಿಡಸಬಾರ್ದಂತ, ಕೈ ನಡುಗಿ ಫಿಟ್ಸ್ ಬರಬಹುದು, ಡಾಕ್ಟರ್ ಕಡೆನೇ ಹೋಗ್ಬೇಕಂತ.

ಒಂದು ತಿಳ್ಕೋರಿ, ಫೋನ್‌ನಾಗ ಚಿಕಿತ್ಸಾ ಮುಗಿಯಂಗಿಲ್ಲ, ಜಿಲ್ಲಾ ಆಸ್ಪತ್ರಿ ಮಾನಸಿಕ ವಿಭಾಗಕ್ಕ ಕೊಪ್ಪಳಕ್ಕ ಹೋಗೋದು ಇದ್ದೇ ಇರತೈತಿ. ಬರೀ ಚಟದ ವಿಷಯ ಇದ್ರ ಕೇಂದ್ರ ಸರ್ಕಾರದ್ದು 14446 ನೂ ಐತಿ. ಚಟ ಬಿಡಸಾಕ ಚಾದಾಗ ಗೊತ್ತಾಗ್ದಂಗ ಹಾಕೋ ಪುಡಿ ಅಂತ ಮಾರ್ತಾರಲ್ಲ, ಅದಕ್ಕ ರೊಕ್ಕ ಹಾಕಬ್ಯಾಡ್ರಿ ಮಾರಾಯ್ರ. ನನ್ ಕಡೆಯಿಂದ 5ಕ್ಕ 4 ಸ್ಟಾರ್, ಹುಡುಗ ಈಗ ಮಾವನ ಜೋಡಿ ಊಟಕ್ಕರ ಕುಂದರ್ತಾನ.