ಸಿಪಿಯು ಹೊತ್ತುಕೊಂಡು ಅಂಗಡಿಗೆ ಓಡುವ ಮುಂಚೆ ಮೇಜಿನ ಕೆಳಗೆ ಬಗ್ಗಿ ನೋಡಿ

ಮನೆಯ ಕಂಪ್ಯೂಟರ್ ಇದ್ದಕ್ಕಿದ್ದ ಹಾಗೆ ಆಫ್ ಆಗಿ ತಾನೇ ಮತ್ತೆ ಆನ್ ಆಗುತ್ತಿದೆಯಾ? ಹಾಗಾದರೆ ಪರ್ಸ್ ತೆಗೆಯುವ ಮುಂಚೆ ಇದನ್ನು ಓದಿ. ಎರಡು ತಿಂಗಳು ನೆಮ್ಮದಿ, 3,950 ರೂಪಾಯಿ ಮತ್ತು 40 ಪುಟದ ಒಂದು ವಂಶಾವಳಿ ಕಳೆದುಕೊಂಡ ಮೇಲೆ ಬರೆಯುತ್ತಿದ್ದೇನೆ.

ನಮ್ಮ ಮನೆ ಮಂಡ್ಯದ ವಿದ್ಯಾನಗರದಲ್ಲಿ. ಕೆಳಗಡೆ ನಾವು ಬಾಡಿಗೆಗೆ, ಮೇಲ್ಗಡೆ ಓನರ್. ನಾನು ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು. ನುಡಿ ಅನ್ನುವ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪು, ಲೇಸರ್ ಪ್ರಿಂಟರ್‌ನಲ್ಲಿ ಪ್ರೂಫು. ಕಂಪ್ಯೂಟರ್ 2019ರಲ್ಲಿ ತಗೊಂಡಿದ್ದು. ಅದರ ಜೊತೆಗೇ ಒಂದು 600 ವಿಎ ಯುಪಿಎಸ್ ಕೂಡ, ಅಂದರೆ ಕರೆಂಟ್ ಹೋದರೆ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಕಂಪ್ಯೂಟರ್ ಓಡಿಸುವ ಡಬ್ಬಿ. ಆ ಯುಪಿಎಸ್ ಅಲ್ಲಿಂದ ಇಲ್ಲಿವರೆಗೂ ಮೇಜಿನ ಕೆಳಗೆ, ಗೋಡೆಯ ಮೂಲೆಯಲ್ಲಿ, ಧೂಳು ತಿನ್ನುತ್ತಾ ಕೂತಿತ್ತು. ಕಸ ಗುಡಿಸುವಾಗ ಪೊರಕೆ ತಾಗಿದರೆ ಮಾತ್ರ ಅದರ ನೆನಪು.

ಮೊದಲ ಸಲ ಆಫ್ ಆದಾಗ ಕರೆಂಟ್ ಹೋಯಿತು ಅಂದುಕೊಂಡೆ. ತಲೆ ಎತ್ತಿ ನೋಡಿದರೆ ಫ್ಯಾನ್ ತಿರುಗುತ್ತಿದೆ. ಎರಡನೇ ಸಲ ಬ್ಯಾಂಕಿನ ಪಾಸ್‌ಬುಕ್ ನೋಡಿ ಏನೋ ಟೈಪ್ ಮಾಡುತ್ತಿದ್ದೆ. ಮೂರನೇ ಸಲ ಏನೂ ಮಾಡುತ್ತಿರಲಿಲ್ಲ, ಸುಮ್ನೆ ಕಾಫಿ ಕುಡಿಯುತ್ತಿದ್ದೆ. ವಿಂಡೋಸ್ ಕುಸಿದು ಬಿದ್ದಾಗ ಬರುವ ನೀಲಿ ಪರದೆ ಇಲ್ಲ, ಎರರ್ ಇಲ್ಲ, ಸದ್ದಿಲ್ಲ. ಟಕ್ ಅಂತ ಕತ್ತಲು. ಕೆಲವು ಸಲ ತಾನೇ ಆನ್ ಆಗುತ್ತಿತ್ತು, ಕೆಲವು ಸಲ ಬಟನ್ ಒತ್ತಬೇಕಿತ್ತು. ಒಂದು ದಿನ ಐದು ಸಲ, ಆಮೇಲೆ ಎರಡು ದಿನ ಏನೂ ಇಲ್ಲ.

ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯ ಹೆಸರು ಬೇಡ. ಅವರು ಹೇಳಿದ್ದು ಇಷ್ಟು: “ಅಕ್ಕ, ಸಿಪಿಯು ಒಂದೇ ತಗೊಂಡ್ ಬನ್ನಿ. ವೈರು, ಗೀರು ಏನೂ ಬೇಡ.”

ಈ ಮಾತು ನೆನಪಿನಲ್ಲಿಟ್ಟುಕೊಳ್ಳಿ.

ಆಟೋದಲ್ಲಿ ಸಿಪಿಯುವನ್ನು ಮಗುವಿನ ಥರ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಹುಡುಗ ಆನ್ ಮಾಡಿ ಎರಡು ನಿಮಿಷ ನೋಡಿದ. “ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಬೇಕು” ಅಂದ. 600 ರೂಪಾಯಿ. “ಡಿ ಡ್ರೈವ್ ಮುಟ್ಟಲ್ಲ, ಡೇಟಾ ಎಲ್ಲ ಸೇಫ್” ಅಂತಲೂ ಹೇಳಿದ. ನಾನು ತಲೆ ಆಡಿಸಿದೆ. ನಿಜ, ಡಿ ಡ್ರೈವ್ ಅವನು ಮುಟ್ಟಲಿಲ್ಲ. ಆದರೆ ನನ್ನ ಚಾಲ್ತಿ ಕೆಲಸ ಎಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಅನ್ನುವುದು ಸಿ ಡ್ರೈವ್ ಒಳಗಿನ ಒಂದು ಫೋಲ್ಡರ್ ಅಂತ ನನಗೆ ಆ ದಿನ ತಲೆಗೆ ಹೊಳೆಯಲೇ ಇಲ್ಲ. ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಕೂಡ ಅಷ್ಟೇ. ಫಾರ್ಮ್ಯಾಟ್ ಅಂದರೆ ಅವೆಲ್ಲ ಹೋದ ಹಾಗೆ. ಒಬ್ಬ ಹಿರಿಯರು ತಮ್ಮ ಮನೆತನದ ವಂಶಾವಳಿ ಕೊಟ್ಟಿದ್ದರು. ಕೈಬರಹ ಓದಿ ಓದಿ, ಮೂರು ವಾರ ಕೂತು 40 ಪುಟ ಮಾಡಿದ್ದೆ. ಹೋಯಿತು. ಪೆನ್ ಡ್ರೈವ್‌ಗೆ ಒಂದು ಕಾಪಿ ಹಾಕಿಕೊಳ್ಳದ್ದು ನನ್ನದೇ ತಪ್ಪು. ಆದರೂ “ಡೆಸ್ಕ್‌ಟಾಪ್ ಮೇಲೆ ಏನಾದರೂ ಇದೆಯಾ ಅಕ್ಕ” ಅಂತ ಒಂದು ಮಾತು ಕೇಳಬಹುದಿತ್ತಲ್ವಾ?

ಮನೆಗೆ ತಂದ ಎರಡನೇ ದಿನ ಮತ್ತೆ ಟಕ್.

ಈ ಸಲ “ರ್ಯಾಮ್ ಹೋಗಿದೆ” ಅಂದರು. ಹೊಸ 8 ಜಿಬಿ ರ್ಯಾಮ್, 1,900 ರೂಪಾಯಿ. ಹಳೆಯದನ್ನು ಅವರೇ ಡ್ರಾಯರ್‌ಗೆ ಹಾಕಿಕೊಂಡರು, ನಾನೂ ಕೇಳಲಿಲ್ಲ. ಮನೆಗೆ ತಂದೆ. ನಾಲ್ಕು ದಿನ ಒಂದು ಸಲವೂ ಆಫ್ ಆಗಲಿಲ್ಲ. ಅಬ್ಬಾ, ರ್ಯಾಮೇ ಇರಬೇಕು ಅಂತ ಅಂಗಡಿಯವರಿಗೆ ಫೋನ್ ಮಾಡಿ ಥ್ಯಾಂಕ್ಸ್ ಕೂಡ ಹೇಳಿದೆ. ಆ ನಾಲ್ಕು ದಿನ ಮೇಲಿನ ಮನೆಯವರು ಧರ್ಮಸ್ಥಳಕ್ಕೆ ಹೋಗಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಇದೆ ಅಂತ ನನಗೂ ಆಗ ಹೊಳೆದಿರಲಿಲ್ಲ.

ಅವರು ವಾಪಸ್ ಬಂದರು. ಕಂಪ್ಯೂಟರಿನ ಕಾಟವೂ ವಾಪಸ್ ಬಂತು.

ಮೂರನೇ ಸಲ ಮೂರು ದಿನ ಅಂಗಡಿಯಲ್ಲೇ ಬಿಡಿ ಅಂದರು. ಬಿಟ್ಟೆ. “ಮೂರು ದಿನದಿಂದ ಓಡ್ತಾನೇ ಇದೆ ಅಕ್ಕ, ಒಂದು ಸಲಾನೂ ಆಫ್ ಆಗಿಲ್ಲ. ಆದ್ರೂ ಎಸ್‌ಎಂಪಿಎಸ್ ಹಳೇದಾಗಿದೆ, ಚೇಂಜ್ ಮಾಡಿಬಿಟ್ಟಿದೀವಿ.” ಎಸ್‌ಎಂಪಿಎಸ್ ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಹಾಗೆ ಮಾಡಿಕೊಡುವ, ಸಿಪಿಯು ಒಳಗಿನ ಡಬ್ಬಿ. 1,450 ರೂಪಾಯಿ. ಅಂಗಡಿಯಲ್ಲಿ ಆಫ್ ಆಗದ ಮೆಷಿನ್ನಿಗೆ ಪಾರ್ಟ್ ಯಾಕೆ ಬದಲಾಯಿಸಿದರು ಅಂತ ಈಗ ಕೇಳಿಕೊಳ್ಳುತ್ತೇನೆ. ಆಗ ದುಡ್ಡು ಕೊಟ್ಟು ಬಂದೆ. ಮನೆಗೆ ತಂದು ಜೋಡಿಸಿದ ಅದೇ ಸಂಜೆ ದೀಪ ಹಚ್ಚುವ ಹೊತ್ತಿಗೆ ಆಫ್. ಮತ್ತೆ ಫೋನ್ ಮಾಡಿದರೆ, “ಹಾಗಾದ್ರೆ ಮದರ್‌ಬೋರ್ಡೇ ಅಕ್ಕ, 7,200 ಆಗುತ್ತೆ.”

ಅಲ್ಲಿಗೆ ನನಗೆ ರೇಗಿತು. ಯೋಚನೆ ಮಾಡಿ ಹೇಳುತ್ತೇನೆ ಅಂತ ಫೋನ್ ಇಟ್ಟೆ.

ಮಧ್ಯೆ ಒಂದು ಮಾತು. ಅಂಗಡಿಯವರು ಕಳ್ಳರು ಅಂತ ನಾನು ಹೇಳುತ್ತಿಲ್ಲ. ಅವರ ಮುಂದೆ ಏನು ತಂದು ಇಡುತ್ತೇವೋ ಅದನ್ನೇ ಅವರು ನೋಡುತ್ತಾರೆ. ನನ್ನ ಸಿಟ್ಟು ಊಹೆಗೆ ಬಿಲ್ ಹಾಕಿದ್ದಕ್ಕೆ. ಎಲ್ಲಿ ಆಫ್ ಆಗುತ್ತದೆ, ಯಾವಾಗ ಆಗುತ್ತದೆ, ಅದಕ್ಕೆ ಏನೇನು ಜೋಡಿಸಿದ್ದೀರಿ ಅಂತ ಮೂರು ಭೇಟಿಯಲ್ಲಿ ಒಬ್ಬರೂ ಕೇಳಲಿಲ್ಲ.

ಅಕ್ಕನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಭಾನುವಾರ ಬಂದವನು ಕಂಪ್ಯೂಟರಿನಲ್ಲೇ ಒಂದು ಡೈರಿ ಇರುತ್ತದೆ ಅಂತ ತೋರಿಸಿದ. ಸ್ಟಾರ್ಟ್ ಒತ್ತಿ ಇವೆಂಟ್ ವ್ಯೂವರ್ ಅಂತ ಹುಡುಕಿದರೆ ಸಿಗುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಅಲ್ಲಿ ಕೆಂಪು ಗುರುತಿನ ಸಾಲುಗಳು. ನಮ್ಮದರಲ್ಲಿ “ಕರ್ನಲ್-ಪವರ್ 41” ಅನ್ನುವ ಸಾಲು ರಾಶಿ ರಾಶಿ. ಇದನ್ನು ನೋಡಿ ಎಷ್ಟೋ ಜನ ಪವರ್ ಅಂತ ಬರೆದಿದೆ, ಎಸ್‌ಎಂಪಿಎಸ್ಸೇ ಹೋಗಿದೆ ಅನ್ನುತ್ತಾರಂತೆ. ಅದು ಹಾಗಲ್ಲ. ಆ ಸಾಲು ಹೇಳುವುದು ಇಷ್ಟೇ: ಹಿಂದಿನ ಸಲ ನನ್ನನ್ನು ಸರಿಯಾಗಿ ಶಟ್‌ಡೌನ್ ಮಾಡಿಲ್ಲ. ಯಾಕೆ ಅಂತ ಅದಕ್ಕೂ ಗೊತ್ತಿಲ್ಲ, ಯಾಕೆಂದರೆ ಅದನ್ನು ಬರೆಯುವುದೇ ಮತ್ತೆ ಆನ್ ಆದ ಮೇಲೆ. ಆದರೆ ಅದರ ಡೀಟೇಲ್ಸ್ ಒಳಗೆ ಬಗ್‌ಚೆಕ್ ಕೋಡ್ ಅಂತ ಒಂದು ನಂಬರ್ ಇರುತ್ತದೆ. ನೀಲಿ ಪರದೆ ಬಂದು ಬಿದ್ದಿದ್ದರೆ ಅಲ್ಲಿ ಸಾಮಾನ್ಯವಾಗಿ ಏನಾದರೂ ಅಂಕಿ ಇರುತ್ತದೆ. ನಮ್ಮದು ಎಲ್ಲಾ ಸಲವೂ 0. ಅಂದರೆ ವಿಂಡೋಸ್‌ಗೆ ಸಾಯುವಾಗ “ಅಮ್ಮಾ” ಅನ್ನುವಷ್ಟು ಹೊತ್ತೂ ಸಿಕ್ಕಿಲ್ಲ. ಪೂರ್ತಿ ಹ್ಯಾಂಗ್ ಆಗಿ ಬಟನ್ ಅದುಮಿ ಆಫ್ ಮಾಡಿದರೂ 0 ಬರಬಹುದು, ಆದರೆ ನಾವು ಹಾಗೆ ಮಾಡಿರಲಿಲ್ಲ.

ಇನ್ನೊಂದು ಕೆಲಸವನ್ನೂ ಮಾಡಿದ. ನೀಲಿ ಪರದೆ ಬಂದರೆ ಓದುವ ಮುಂಚೆಯೇ ರೀಸ್ಟಾರ್ಟ್ ಆಗಿಬಿಡುವ ಒಂದು ಸೆಟ್ಟಿಂಗ್ ಇರುತ್ತದೆ. ಸ್ಟಾರ್ಟಪ್ ಅಂಡ್ ರಿಕವರಿ ಅನ್ನುವಲ್ಲಿ ಆಟೊಮ್ಯಾಟಿಕಲಿ ರೀಸ್ಟಾರ್ಟ್ ಅಂತ. ಅದರ ಟಿಕ್ ತೆಗೆದ. ತೆಗೆದರೂ ನಮ್ಮದು ಹಾಗೇ ಟಕ್ ಅಂತಲೇ ಹೋಯಿತು. ರಾತ್ರಿ ಮಲಗುವಾಗ ಪೆನ್ ಡ್ರೈವ್‌ನಿಂದ ರ್ಯಾಮ್ ಪರೀಕ್ಷೆ ಮಾಡುವ ಮೆಮ್‌ಟೆಸ್ಟ್ 86 ಹಾಕಿಟ್ಟೆವು. ಬೆಳಗ್ಗೆ ನಾಲ್ಕು ಸುತ್ತು ಮುಗಿದು ಒಂದೂ ಎರರ್ ಇರಲಿಲ್ಲ. ರ್ಯಾಮ್ ಕೆಟ್ಟಿದ್ದರೆ ಅಲ್ಲಿ ಕೆಂಪು ಸಾಲು ಬರುತ್ತದಂತೆ. ಬಿಸಿಯೂ ಜಾಸ್ತಿ ಇರಲಿಲ್ಲ, ಪ್ರೊಸೆಸರ್ 50 ಡಿಗ್ರಿ ದಾಟಿರಲಿಲ್ಲ. ಹುಡುಗ ಊರಿಗೆ ಹೋದ.

ಗುಟ್ಟು ಬಿಡಿಸಿದ್ದು ಎಲೆಕ್ಟ್ರಿಷಿಯನ್. ಅವರು ಬಂದಿದ್ದು ಅಡುಗೆಮನೆ ಟ್ಯೂಬ್‌ಲೈಟ್ ಸರಿ ಮಾಡುವುದಕ್ಕೆ. ಅವರು ಏಣಿ ಮೇಲೆ ಇರುವಾಗಲೇ ಲೈಟ್ ಒಂದು ಕ್ಷಣ ಮಂಕಾಯಿತು. ಒಳಗೆ ನನ್ನ ಕಂಪ್ಯೂಟರ್ ಆಫ್. ನಾನು ಹಣೆ ಚಚ್ಚಿಕೊಂಡೆ. ಅವರು ಮೇಲಿನಿಂದಲೇ ಕೇಳಿದರು, “ಯಾವಾಗ್ಲೂ ಲೈಟ್ ಮಂಕಾದಾಗ್ಲೇ ಹೋಗದಾ ಅಕ್ಕ?”

ಎರಡು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ನನ್ನ ಹತ್ತಿರ ಉತ್ತರವೂ ಇರಲಿಲ್ಲ.

ಮೇಲಿನ ಮನೆಯವರ ನೀರಿನ ಸಂಪ್‌ಗೆ ಆಟೊಮ್ಯಾಟಿಕ್ ಮೋಟಾರ್ ಇದೆ. ಟ್ಯಾಂಕ್ ಖಾಲಿಯಾದಾಗ ತಾನೇ ಆನ್ ಆಗುತ್ತದೆ. ಹಾಗಾಗಿ ಅದಕ್ಕೆ ಹೊತ್ತು ಗೊತ್ತು ಇಲ್ಲ. ಮೇಲೆ ನೆಂಟರು ಬಂದರೆ, ಬಟ್ಟೆ ಒಗೆದರೆ ಜಾಸ್ತಿ. ಧರ್ಮಸ್ಥಳಕ್ಕೆ ಹೋದರೆ ಇಲ್ಲವೇ ಇಲ್ಲ. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಅದು ಓಡುವಾಗ ಎಳೆಯುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆಗ ವೋಲ್ಟೇಜ್ ಕುಸಿಯುತ್ತದೆ. ಅದೂ ಅಲ್ಲದೆ ನಮ್ಮ ಮೀಟರ್ ಬೋರ್ಡಿನಲ್ಲಿ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ವೈರಿನ, ಸ್ಕ್ರೂ ಸಡಿಲವಾಗಿತ್ತು. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕಳಿಸಿದ ಜಿಲ್ಲೆ ನಮ್ಮದು. ನಮ್ಮ ಮನೆಯಲ್ಲಿ ಮೀಟರಿನಿಂದ ಮೇಜಿಗೆ ಅದು ಸರಿಯಾಗಿ ಬರುತ್ತಿರಲಿಲ್ಲ.

“ಆದರೆ ಯುಪಿಎಸ್ ಇದೆಯಲ್ಲ?” ಅಂದೆ. ಅವರು ನಕ್ಕರು. ಕಂಪ್ಯೂಟರಿನ ವೈರ್ ತೆಗೆದು ಯುಪಿಎಸ್‌ಗೆ ಒಂದು 60 ವ್ಯಾಟಿನ ಬಲ್ಬ್ ಹಾಕಿದರು. ಗೋಡೆಯ ಸ್ವಿಚ್ ಆಫ್ ಮಾಡಿದರು. ಯುಪಿಎಸ್ ಟಿಕ್ ಅಂತು, ಅರ್ಧ “ಪೀ” ಅಂತು, ಬಲ್ಬ್ ಆರಿತು. ಒಂದು ಸೆಕೆಂಡ್ ಕೂಡ ನಿಲ್ಲಲಿಲ್ಲ.

ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿದರು. ಒಳಗಿನ 12 ವೋಲ್ಟ್ ಬ್ಯಾಟರಿ ಎರಡೂ ಪಕ್ಕ ಉಬ್ಬಿಕೊಂಡು ಡಬ್ಬಿಗೆ ಕಚ್ಚಿಕೊಂಡಿತ್ತು. ಸ್ಕ್ರೂಡ್ರೈವರ್‌ನಿಂದ ಮೀಟಿ ತೆಗೆಯಬೇಕಾಯಿತು. ವೋಲ್ಟ್ ಅಳೆಯುವ ಮೀಟರ್ ಹಿಡಿದರೆ 12.4 ತೋರಿಸಿತು. ಸರಿಯಾಗೇ ಇದೆಯಲ್ಲ ಅಂದೆ. ಅವರು ಜೇಬಿನಿಂದ ಬೈಕಿನ ಹೆಡ್‌ಲೈಟ್ ಬಲ್ಬ್ ತೆಗೆದು ಕಟ್ಟಿದರು. ಅಂಕಿ ಸರ್ರನೆ 5ಕ್ಕೆ ಇಳಿಯಿತು, ಬಲ್ಬಿನೊಳಗೆ ಬೀಡಿ ತುದಿಯಷ್ಟು ಕೆಂಪು ಕಂಡು ಆರಿತು.

ನಾನು ಎಡವಿದ್ದು ಇಲ್ಲಿ. ಬ್ಯಾಟರಿ ಹಳೆಯದಾಗಿದೆ ಅಂತ ನನಗೆ ಗೊತ್ತಿತ್ತು. ಕರೆಂಟ್ ಹೋದರೆ ಕಂಪ್ಯೂಟರ್ ಕೂಡ ಆಫ್ ಆಗುತ್ತಿತ್ತು, ಹೋಗಲಿ ಬಿಡು ಅಂದುಕೊಂಡಿದ್ದೆ. ಬ್ಯಾಟರಿ ಸತ್ತ ಯುಪಿಎಸ್ ಅಂದರೆ ಬರೀ ಒಂದು ಎಕ್ಸ್‌ಟೆನ್ಶನ್ ಬೋರ್ಡ್, ಉಪಯೋಗ ಇಲ್ಲದಿದ್ದರೂ ತೊಂದರೆ ಇಲ್ಲ ಅಂತ ನನ್ನ ಲೆಕ್ಕ. ತಪ್ಪು. ವೋಲ್ಟೇಜ್ ಕುಸಿದ ತಕ್ಷಣ ಯುಪಿಎಸ್ ತನ್ನ ಕೆಲಸ ತಾನು ಮಾಡುತ್ತದೆ: ಗೋಡೆಯ ಕರೆಂಟನ್ನು ಬಿಟ್ಟು ಬ್ಯಾಟರಿಗೆ ಹಾರುತ್ತದೆ. ಆ ಕಡೆ ಬ್ಯಾಟರಿ ಇಲ್ಲ. ಕಂಪ್ಯೂಟರಿಗೆ ಕರೆಂಟೇ ಇಲ್ಲ. ಒಳ್ಳೆಯ ಎಸ್‌ಎಂಪಿಎಸ್ ಸಣ್ಣ ಕುಸಿತವನ್ನು ತಾನೇ ತಡೆದುಕೊಳ್ಳುತ್ತದೆ, ಫ್ಯಾನು ಲೈಟು ತಡೆದುಕೊಂಡ ಹಾಗೆ. ಕಾಯಲಿ ಅಂತ ಇಟ್ಟ ಡಬ್ಬಿಯೇ ಮಧ್ಯೆ ಕೂತು ವೈರ್ ಕೀಳುತ್ತಿತ್ತು. ಬೇಲಿ ಎದ್ದು ಹೊಲ ಮೇಯುವುದು ಅಂದರೆ ಇದೇ. ಅಂಗಡಿಗೆ ನಾನು ಹೊಲವನ್ನು ಹೊತ್ತುಕೊಂಡು ಹೋಗುತ್ತಿದ್ದೆ, ಬೇಲಿ ಮನೆಯಲ್ಲೇ ಇರುತ್ತಿತ್ತು.

ಸುಳಿವು ಮೊದಲ ದಿನದಿಂದ ಕಣ್ಣ ಮುಂದೆಯೇ ಇತ್ತು ಅನ್ನುವುದು ಇನ್ನೂ ಹೊಟ್ಟೆ ಉರಿಸುತ್ತದೆ. ಕಂಪ್ಯೂಟರ್ ಆಫ್ ಆದಾಗ ನನ್ನ ಮಾನಿಟರಿನ ಮೂಲೆಯ ಪುಟ್ಟ ನೀಲಿ ದೀಪವೂ ಆರುತ್ತಿತ್ತು. ಮಾನಿಟರಿಗೆ ಬೇರೆ ವೈರು, ಅದೂ ಯುಪಿಎಸ್‌ನಿಂದಲೇ. ರ್ಯಾಮೋ ಮದರ್‌ಬೋರ್ಡೋ ಕೆಟ್ಟಿದ್ದರೆ ಮಾನಿಟರ್ ಬದುಕಿರಬೇಕು, “ನೋ ಸಿಗ್ನಲ್” ಅಂತ ತೋರಿಸಬೇಕು. ಎರಡೂ ಒಟ್ಟಿಗೆ ಸತ್ತರೆ ರೋಗ ಬಹುಪಾಲು ಸಿಪಿಯು ಒಳಗೆ ಅಲ್ಲ, ಅದಕ್ಕೆ ಕರೆಂಟ್ ಬರುವ ದಾರಿಯಲ್ಲಿ. ಮೂವತ್ತು ಸಲವಾದರೂ ನೋಡಿದ್ದೇನೆ, ನೋಡಿಯೂ ನೋಡಿರಲಿಲ್ಲ.

ಹಾಗಾಗಿ ನಿಮ್ಮದೂ ಹೀಗೇ ಆಗುತ್ತಿದ್ದರೆ ಮೊದಲು ಆ ದೀಪ ನೋಡಿ. ಆಮೇಲೆ ಕೆಲಸ ಸೇವ್ ಮಾಡಿ, ಶಟ್‌ಡೌನ್ ಮಾಡಿ, ಯುಪಿಎಸ್ ಬಿಟ್ಟು ಅರ್ಥಿಂಗ್ ಇರುವ ಗೋಡೆ ಪ್ಲಗ್‌ಗೆ ನೇರ ಹಾಕಿ ಒಂದೆರಡು ದಿನ ಓಡಿಸಿ. ಖರ್ಚು ಸೊನ್ನೆ. ಬಲ್ಬ್ ಪರೀಕ್ಷೆಗೂ ಅಷ್ಟೇ. ನೀಲಿ ಪರದೆ ಬರುತ್ತಿದ್ದರೆ, ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಹೆಸರಿನ ಎರರ್ ಬರುತ್ತಿದ್ದರೆ, ಅದು ಬೇರೆ ಕಥೆ. ಆಗ ಮೆಮ್‌ಟೆಸ್ಟ್ ಹಾಕಿ. ಅಂಗಡಿಗೆ ಹೋಗಲೇಬೇಕಾದರೆ ಯುಪಿಎಸ್, ಪವರ್ ವೈರ್ ಎಲ್ಲ ಒಟ್ಟಿಗೆ ಹೊತ್ತುಕೊಂಡು ಹೋಗಿ, ಬೇಡ ಅಂದರೂ. ಬದಲಾಯಿಸಿದ ಹಳೆ ಪಾರ್ಟ್ ವಾಪಸ್ ಕೇಳಿ. ಯುಪಿಎಸ್ ಆಗಲಿ ಎಸ್‌ಎಂಪಿಎಸ್ ಆಗಲಿ ಮನೆಯಲ್ಲಿ ಬಿಚ್ಚಬೇಡಿ. ಎಸ್‌ಎಂಪಿಎಸ್ ಒಳಗಿನ ಕೆಪ್ಯಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿನ ಮೇಲೆ ಉಳಿದಿರಬಹುದು.

ಲೇಸರ್ ಪ್ರಿಂಟರ್ ಇರುವವರು ಅದನ್ನು ಯುಪಿಎಸ್‌ಗೆ ಹಾಕಬೇಡಿ. ಅದರ ಇಂಕಿನ ಪುಡಿ ಕರಗಿಸುವ ಹೀಟರ್ ಒಂದೇ ಸಲಕ್ಕೆ ತುಂಬಾ ಎಳೆಯುತ್ತದೆ, ನಮ್ಮ 600 ವಿಎ ಡಬ್ಬಿಗೆ ಅದು ತಡೆಯುವುದಿಲ್ಲ. ನಾನು ಆರು ವರ್ಷ ಹಾಕಿಟ್ಟಿದ್ದೆ. ಈಗ ತೆಗೆದಿದ್ದೇನೆ.

ಹೊಸ ಬ್ಯಾಟರಿಗೆ 950 ಆಯಿತು, ಹಳೆಯದಕ್ಕೆ ಸ್ವಲ್ಪ ಕಳೆದುಕೊಂಡರು. ಅದರಲ್ಲಿ ಸೀಸ, ಆಸಿಡ್ ಇರುತ್ತದೆ, ಕಸದ ಗಾಡಿಗೆ ಹಾಕಬೇಡಿ. ನ್ಯೂಟ್ರಲ್ ಸ್ಕ್ರೂ ಬಿಗಿ ಮಾಡಿದ್ದಕ್ಕೆ ಎಲೆಕ್ಟ್ರಿಷಿಯನ್ ದುಡ್ಡು ತಗೊಳ್ಳಲಿಲ್ಲ, ಟ್ಯೂಬ್‌ಲೈಟಿನದು ಮಾತ್ರ ತಗೊಂಡರು. ಅಂಗಡಿಗೆ ಹೋಗಿ ಜಗಳ ಆಡದೆ ಹಳೆ ರ್ಯಾಮ್ ಕೇಳಿದೆ, ಡ್ರಾಯರ್‌ನಲ್ಲೇ ಇತ್ತು, ಕೊಟ್ಟರು. ಅದನ್ನೂ ಟೆಸ್ಟ್ ಮಾಡಿದೆ, ಏನೂ ಆಗಿರಲಿಲ್ಲ. ಈಗ ಲಗ್ನಪತ್ರಿಕೆ ಟೈಪ್ ಮಾಡುವುದಕ್ಕೆ ನನ್ನ ಹತ್ತಿರ 16 ಜಿಬಿ ರ್ಯಾಮ್ ಇದೆ.

ಮೋಟಾರ್ ದಿನಕ್ಕೆ ಎರಡು ಮೂರು ಸಲ ಆನ್ ಆಗುತ್ತದೆ. ಒಮ್ಮೊಮ್ಮೆ ಕಾಲ ಹತ್ತಿರ ಟಿಕ್ ಅನ್ನುತ್ತದೆ. ನೀಲಿ ದೀಪದ ಕಡೆ ನೋಡುತ್ತೇನೆ. ಉರಿಯುತ್ತಿರುತ್ತದೆ. ವಂಶಾವಳಿಯನ್ನು ಮತ್ತೆ ಮೊದಲಿನಿಂದ ಟೈಪ್ ಮಾಡುತ್ತಿದ್ದೇನೆ, ಆ ಹಿರಿಯರ ಮುತ್ತಜ್ಜನ ತಮ್ಮಂದಿರವರೆಗೆ ಬಂದಿದ್ದೇನೆ.